ಅಳಿಯ ಲಿನಕ್ಸ್ ಹಾಕಿದ್ದು

ಹಲ್ಲಿನ ಸೆಟ್ಟು ಮಾಡುವವನಿಗೆ ತಾಳ್ಮೆ ಬೇಕು, ಈ ಅಳಿಯನಿಗೂ ಇತ್ತು. ಆದರೆ ಅದೆಲ್ಲ ಲ್ಯಾಬಿನಲ್ಲಿ, ಮೇಣ ಮತ್ತು ಪ್ಲಾಸ್ಟರಿನ ಮುಂದೆ ಮಾತ್ರ. ಮನೆಯ ಕಂಪ್ಯೂಟರಿನ ಮುಂದೆ ಕೂತರೆ ಅವನು ಬೇರೆಯೇ ಮನುಷ್ಯ. ಅದೂ ಅವನನ್ನು ಕೆಣಕದೆ ಬಿಡುತ್ತಿರಲಿಲ್ಲ. ಒಂದು ಫೋಟೋ ತೆರೆ ಎಂದರೆ ಯೋಚಿಸಲು ಕೂರುತ್ತಿತ್ತು, ಮುಚ್ಚು ಎಂದರೆ ಮುನಿಸಿಕೊಳ್ಳುತ್ತಿತ್ತು. ಸಾಲದ್ದಕ್ಕೆ ಪರದೆಯ ಮೂಲೆಯಲ್ಲಿ ದಿನವೂ ಒಂದು ಸೂಚನೆ: ಈ ಯಂತ್ರಕ್ಕೆ ವಯಸ್ಸಾಯಿತು, ಹೊಸದು ಕೊಳ್ಳಿ.

"ಹೊಸದು ತಗೊಂಡ್ರೆ ಆಯ್ತಪ್ಪ" ಎಂದಳು ಹೆಂಡತಿ.

"ಇದಕ್ಕೇನಾಗಿದೆ? ಗಟ್ಟಿಮುಟ್ಟಾಗಿದೆ. ಒಳಗಿನ ಸಿಸ್ಟಮ್ಮೇ ಸರಿ ಇಲ್ಲ" ಎಂದ ಅವನು.

ಈ ಮಾತು ಅವನದಲ್ಲ, ಲ್ಯಾಬಿನಲ್ಲಿ ಪಕ್ಕದ ಮೇಜಿಗೆ ಕೂತು ಅಚ್ಚು ಎರೆಯುವ ಗೆಳೆಯನದು. ಆ ಗೆಳೆಯ ವಾರಗಟ್ಟಲೆ ಅವನ ತಲೆಗೆ ಹುಳ ಬಿಟ್ಟಿದ್ದ. "ಆ ಸಿಸ್ಟಮ್ ತೆಗೆದು ಲಿನಕ್ಸ್ ಹಾಕೋ. ಅದನ್ನ ಯಾವ ಕಂಪನೀನೂ ಬೀಗ ಹಾಕಿ ಇಟ್ಟಿಲ್ಲ. ಒಳಗೆ ಏನಿದೆ ಅಂತ ಯಾರು ಬೇಕಾದ್ರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು." ಬಿಚ್ಚಿ ನೋಡಬಹುದು ಎಂದ ಮೇಲೆ ಮುಗಿಯಿತು. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಹೆಂಡತಿಯ ಹೇರ್ ಡ್ರೈಯರ್, ಎಲ್ಲವನ್ನೂ ಬಿಚ್ಚಿ ಕೆಲವನ್ನು ಮತ್ತೆ ಜೋಡಿಸಿದ್ದ ಆಸಾಮಿ ಅವನು.

ಕಂಪ್ಯೂಟರ್ ಇದ್ದದ್ದು ಅತ್ತೆಯ ಕೋಣೆಯಲ್ಲಿ, ಮೇಜು ಹಿಡಿಸುವ ಜಾಗ ಅಲ್ಲಿ ಮಾತ್ರ ಇತ್ತು. ಮಾವ ತೀರಿಕೊಂಡ ಮೇಲೆ ಅತ್ತೆ ಮಗಳ ಮನೆಗೇ ಬಂದು ನೆಲೆಸಿದ್ದರು. ಅಳಿಯ ಅತ್ತೆಯರ ನಡುವೆ ಒಳ್ಳೆಯ ಹೊಂದಾಣಿಕೆ. ಅವರ ಬಾಯೊಳಗಿನ ಮೇಲಿನ ಸಾಲು, ಕೆಳಗಿನ ಸಾಲು ಎರಡೂ ಅವನ ಕೈಯಿಂದಲೇ ಆದದ್ದು. ಉಳಿದವರಿಗೆ ಸಿಟ್ಟು ಬಂದರೆ ಹಲ್ಲು ಕಡಿಯುತ್ತಾರೆ, ಅತ್ತೆ ಹಲ್ಲು ಬಿಚ್ಚಿಡುತ್ತಾರೆ. ಬಿಚ್ಚಿ ಲೋಟದ ನೀರಿಗೆ ಹಾಕಿ ಊಟದ ಮೇಜಿನ ನಡುವೆ ಇಟ್ಟರೆಂದರೆ ಮಾತು ಬಂದ್, ಮನೆಯವರೆಲ್ಲ ಗಂಜಿ ಕುಡಿಯಬೇಕು.

ಆ ಭಾನುವಾರ ಅವನು ಮೈಯೆಲ್ಲ ಕಣ್ಣಾಗಿ ಕೆಲಸ ಶುರುಮಾಡಿದ. ಫೋಟೋಗಳನ್ನೆಲ್ಲ ಪೆನ್‌ಡ್ರೈವಿಗೆ ಇಳಿಸಿದ. ಹೆಂಡತಿಯ ಕಚೇರಿ ಕಾಗದಗಳನ್ನೂ ಇಳಿಸಿದ. ಆಮೇಲೆ, ಇದಕ್ಕೆ ಅವನನ್ನು ಮೆಚ್ಚಲೇಬೇಕು, ಅತ್ತೆಯನ್ನೂ ಕೇಳಿದ.

"ಅತ್ತೆ, ಇದರಲ್ಲಿ ನಿಮ್ದೇನಾದ್ರೂ ಇದ್ಯಾ? ಎಲ್ಲಾ ಅಳಿಸಿ ಹೋಗುತ್ತೆ."

"ನಂದು ಭದ್ರವಾಗಿದೆ, ಅಳಿಯಂದ್ರೇ. ನೀವು ತಲೆ ಕೆಡಿಸ್ಕೋಬೇಡಿ" ಎಂದರು ಅತ್ತೆ.

ಸರಿ. ಅವನು ಹೊಸ ಸಿಸ್ಟಮ್ಮಿಗೆ ಸ್ವಚ್ಛವಾದ ಜಾಗ ಕೊಡೋಣವೆಂದು ಮೊದಲು ಕಂಪ್ಯೂಟರಿನ ಕಸದ ಬುಟ್ಟಿ ಖಾಲಿ ಮಾಡಿದ, ಆಮೇಲೆ ಲಿನಕ್ಸ್ ಹಾಕಿದ. ಸಂಜೆಯ ಹೊತ್ತಿಗೆ ಯಂತ್ರ ಚಿಗುರಿಕೊಂಡಿತ್ತು. ಒತ್ತಿದ್ದು ತಕ್ಷಣ ತೆರೆಯುತ್ತಿತ್ತು. ಮುದುಕ ಯಂತ್ರವನ್ನು ಓಡುವಂತೆ ಮಾಡಿದೆನೆಂದು ಅವನು ಮೀಸೆ ಇಲ್ಲದಿದ್ದರೂ ಮೀಸೆಯ ಜಾಗವನ್ನು ತಿರುವಿಕೊಂಡ.

ಮರುದಿನ ಲ್ಯಾಬಿನಿಂದ ಬಂದಾಗ ಹಲ್ಲಿನ ಸೆಟ್ಟು ಮೇಜಿನ ನಡುವೆ ಲೋಟದಲ್ಲಿತ್ತು.

"ಏನಾಯ್ತು?" ಎಂದು ಹೆಂಡತಿಯನ್ನು ಕೇಳಿದ.

"ನಂಗೇನು ಗೊತ್ತು? ಮಧ್ಯಾಹ್ನದಿಂದ ಹೀಗೇ. ನಿದ್ದೇನೂ ಮಾಡಿಲ್ಲ. ನೀವೇ ಕೇಳಿ, ನಿಮ್ಮ ಹಲ್ಲು ತಾನೇ."

ಕೇಳಿದ. ಬೇಡಿದ. ಕೊನೆಗೆ ಅತ್ತೆ ಹಲ್ಲು ಹಾಕಿಕೊಂಡರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಅವನಿಗೆ ಹೆದರಿಕೆಯಾಯಿತು.

"ಕಸದ ಬುಟ್ಟೀಲಿ ಇಟ್ಟಿದ್ದೆ. ಇಲ್ಲ."

ಅತ್ತೆಯ ಕಸದ ಬುಟ್ಟಿಯ ಕಥೆ ಮನೆಗೆಲ್ಲ ಗೊತ್ತಿದ್ದದ್ದೇ. ಎಷ್ಟೋ ವರ್ಷಗಳ ಹಿಂದೆ ಅವರ ಮನೆಗೆ ಕಳ್ಳರು ನುಗ್ಗಿ ಬೀರು ಬರಿದು ಮಾಡಿದ್ದರು. ಉಳಿದದ್ದು ಒಂದೇ ಸರ, ಕಣ್ತಪ್ಪಿ ತರಕಾರಿ ಸಿಪ್ಪೆಯ ಜೊತೆ ಬುಟ್ಟಿಗೆ ಬಿದ್ದಿದ್ದದ್ದು. ಅಂದಿನಿಂದ ಅತ್ತೆ ಬೆಲೆಬಾಳುವುದನ್ನೆಲ್ಲ ಕಸದ ಬುಟ್ಟಿಯಲ್ಲಿಯೇ ಇಡುವವರು. ಅವರ ಕೋಣೆಯ ಬುಟ್ಟಿಯಲ್ಲಿ ಕಸವೊಂದು ಬಿಟ್ಟು ಎಲ್ಲವೂ ಇತ್ತು. ಹೊಸ ಕೆಲಸದವಳು ಬಂದಾಗ ಮೊದಲು ಹೇಳುವ ಮಾತೇ ಅದನ್ನು ಮುಟ್ಟಬೇಡ ಎಂಬುದು. ಆದರೆ ಕಂಪ್ಯೂಟರಿನೊಳಗೂ ಒಂದು ಬುಟ್ಟಿ ಇದೆ, ಅತ್ತೆ ಅದನ್ನು ಕಂಡಿದ್ದಾರೆ ಎಂದು ಅಳಿಯನಿಗೆ ಹೊಳೆದಿರಲಿಲ್ಲ.

"ಏನಿತ್ತು ಅದ್ರಲ್ಲಿ?"

"ನಿಮ್ಮ ಮಾವನವ್ರ ಗೊರಕೆ."

ಮಾವ ಬೇಕರಿಯಲ್ಲಿ ಒಲೆ ನೋಡಿಕೊಳ್ಳುತ್ತಿದ್ದವರು. ಕತ್ತಲಿರುವಾಗಲೇ ಎದ್ದು ಹೋಗಿ, ಮಧ್ಯಾಹ್ನ ಮೈಯೆಲ್ಲ ಹಿಟ್ಟು ಮೆತ್ತಿಕೊಂಡು ಬಂದು, ಉಂಡು ಮಲಗುತ್ತಿದ್ದರು. ಗೊರಕೆ ಹೊಡೆಯುತ್ತೀರಿ ಎಂದರೆ ಒಪ್ಪುತ್ತಿರಲಿಲ್ಲ. ಫ್ಯಾನಿನ ಸದ್ದು ಅನ್ನುತ್ತಿದ್ದರು. ಒಂದು ಮಧ್ಯಾಹ್ನ ಅತ್ತೆ ಪಕ್ಕದಲ್ಲಿ ಫೋನಿಟ್ಟು ರೆಕಾರ್ಡ್ ಮಾಡಿದರು. ಕೇಳಿಸಿದರೆ ಆ ಮಹಾನುಭಾವರು ಫ್ಯಾನಿಗೆ ಎಣ್ಣೆ ಬಿಟ್ಟರು. ಆಮೇಲೆ ಮಾವ ಹೋದರು. ಫೋನೂ ಬಕೆಟ್ಟಿಗೆ ಬಿದ್ದು ಸತ್ತಿತು, ಆದರೆ ರಿಪೇರಿ ಅಂಗಡಿಯವನು ಹೇಗೋ ಅದರಲ್ಲಿದ್ದುದನ್ನೆಲ್ಲ ಕಂಪ್ಯೂಟರಿಗೆ ಹಾಕಿಕೊಟ್ಟಿದ್ದ.

"ಊಟ ಆದ್ಮೇಲೆ ಬುಟ್ಟಿಯಿಂದ ಹೊರಗೆ ತೆಗೆದು ಹಾಕ್ಕೊಳ್ತಿದ್ದೆ. ಕೇಳ್ತಾ ಕೇಳ್ತಾ ನಿದ್ದೆ ಬರೋದು. ಎದ್ದ ಮೇಲೆ ಮತ್ತೆ ಬುಟ್ಟಿಗೆ ಹಾಕ್ತಿದ್ದೆ. ಇನ್ನೆಲ್ಲಿಡ್ಲಿ?"

ರಜಾದಿನಗಳಲ್ಲಿ ಈ ಕೋಣೆಯ ಬಾಗಿಲಾಚೆಯಿಂದ ಬರುತ್ತಿದ್ದ ಗುಡುಗು ಅತ್ತೆಯದೇ ಎಂದು ಅವನು ಹೆಂಡತಿಗೆ ಕಣ್ಣು ಹೊಡೆದು ನಕ್ಕಿದ್ದುಂಟು. ಅದು ಮಾವನದೆಂದು ಈಗ ತಿಳಿಯಿತು. ಸತ್ತ ಮನುಷ್ಯನ ಉಸಿರನ್ನು ಅಳಿಸಿ ಹಾಕಿದ್ದಲ್ಲದೆ, ಅದರ ಮೇಲೆ ಹೊಸ ವಾಲ್‌ಪೇಪರ್ ಬೇರೆ ಹಾಕಿದ್ದ.

ಕೂಡಲೇ ಫೋನು ಹಿಡಿದು ಲಿನಕ್ಸ್ ಬಳಕೆದಾರರ ಗುಂಪಿಗೆ ಬರೆದ: ಮಾವನವರ ಗೊರಕೆ ಅಳಿಸಿಹೋಗಿದೆ, ದಯವಿಟ್ಟು ಸಹಾಯ ಮಾಡಿ. ಮೊದಲು ಉತ್ತರಿಸಿದವನು ನಕ್ಕ. ಎರಡನೆಯವನು ಬ್ಯಾಕಪ್ ಯಾಕೆ ಇಟ್ಟುಕೊಳ್ಳಲಿಲ್ಲ ಎಂದು ಪುಟಗಟ್ಟಲೆ ಬೈದ. ಮೂರನೆಯವಳು ಮಾತ್ರ ಕೆಲಸದ ಮಾತಾಡಿದಳು. ಕಂಪ್ಯೂಟರ್ ಈಗಲೇ ಆಫ್ ಮಾಡಿ. ಅಳಿಸಿದ ಮಾತ್ರಕ್ಕೆ ಹೋಯಿತು ಅಂತಲ್ಲ, ಬೇರೆ ಏನಾದರೂ ಅದರ ಜಾಗಕ್ಕೆ ಬಂದು ಕೂರುವ ತನಕ ಅಲ್ಲೇ ಇರುತ್ತದೆ. ಅಗೆದು ತೆಗೆಯುವ ಸಾಫ್ಟ್‌ವೇರ್ ಇದೆ, ಅದೂ ಎಲ್ಲರಿಗೂ ಮುಕ್ತ. ಸಿಕ್ಕರೆ ನಿಮ್ಮ ಪುಣ್ಯ.

ಸಿಗದಿದ್ದರೆ ಎಂಬುದನ್ನು ಅವಳು ಬರೆಯಲಿಲ್ಲ. ಅವನು ಅದನ್ನೇ ಯೋಚಿಸುತ್ತ ಹಲ್ಲಿನ ಲ್ಯಾಬಿಗೆ ರಜೆ ಹಾಕಿದ.

ಮರುದಿನ ಆ ಸಾಫ್ಟ್‌ವೇರನ್ನು ಪೆನ್‌ಡ್ರೈವಿನಿಂದ ಓಡಿಸಿ ಅಗೆದದ್ದಕ್ಕೆ ರಾಶಿರಾಶಿ ಸದ್ದಿನ ಫೈಲು ಬಂತು. ಆದರೆ ಹೆಸರು ಒಂದಕ್ಕೂ ಇಲ್ಲ, ಬರೀ ಅಂಕಿ. ಒಂದೊಂದನ್ನೂ ಕೇಳಿಯೇ ತಿಳಿಯಬೇಕು. ಮೂವರೂ ಅತ್ತೆಯ ಮಂಚದ ಸುತ್ತ ಕೂತರು. ಟಿಂಗ್ ಎನ್ನುವ ಗಂಟೆಗಳು. ಅರ್ಧಕ್ಕೆ ಕತ್ತರಿಸಿದ ಹಾಡುಗಳು. ಯಾರದೋ ಮದುವೆಯ ಗದ್ದಲ. ಮುಂದಿನದನ್ನು ಒತ್ತಿದರೆ ಹೆಂಡತಿಯ ದನಿ, ಯಾರೋ ಗೆಳತಿಗೆ: "ಅವ್ರು ಪಾತ್ರೆ ತೊಳೀತಾರೆ ಕಣೇ, ಆಮೇಲೆ ನಾನು ಕದ್ದು ಇನ್ನೊಂದ್ಸಲ ತೊಳೀತೀನಿ."

ಅವನು ಹೆಂಡತಿಯ ಕಡೆ ನೋಡಿದ. ಅವಳು ಫ್ಯಾನಿನ ಕಡೆ ನೋಡಿದಳು.

"ಮುಂದಿನದು ಹಾಕಿ" ಎಂದರು ಅತ್ತೆ.

ಮುಂದಿನದು, ಅದರ ಮುಂದಿನದು. ಮಧ್ಯಾಹ್ನ ಇಳಿಯುತ್ತಿತ್ತು. ರಾಶಿ ಕರಗುತ್ತ ಬಂದಂತೆ ಅವನ ಬೆರಳು ಒತ್ತಲು ಹಿಂಜರಿಯತೊಡಗಿತು. ಇನ್ನೇನು ಕೆಲವೇ ಉಳಿದಿವೆ ಎನ್ನುವಾಗ ಸ್ಪೀಕರಿನಿಂದ ಒಂದು ದೊಡ್ಡ ಉಸಿರು ಬಂತು. ಒಳಗೆ ಹೋಯಿತು, ನಿಂತಿತು, ಆಮೇಲೆ ಕಿಟಕಿ ನಡುಗುವಂತೆ ಹೊರಗೆ ಬಂತು.

"ಇವ್ರೇ" ಎಂದರು ಅತ್ತೆ. ಕೈ ಮಂಚದ ಅಂಚನ್ನು ಹಿಡಿದುಕೊಂಡಿತ್ತು.

ಹೆಂಡತಿ ಅಳುತ್ತ ನಕ್ಕಳು. ಅಳಿಯ ಮಾತ್ರ ನಿಲ್ಲಿಸಲಿಲ್ಲ. ಸೆಟ್ಟು ಕೂತಿತು ಅಂದ ಮಾತ್ರಕ್ಕೆ ಕಳಿಸಿಬಿಡುವವನಲ್ಲ ಅವನು, ಕೊನೆಯ ದವಡೆಯ ತನಕ ಉಜ್ಜಿ ನೋಡುವವನು. ಮಧ್ಯೆ ಎಲ್ಲಾದರೂ ಮುರಿದಿದ್ದರೆ? "ಪೂರ್ತಿ ಕೇಳ್ಬಿಡೋಣ ಅತ್ತೆ" ಎಂದ.

ಅತ್ತೆ ಎಂದೂ ಪೂರ್ತಿ ಕೇಳಿದವರಲ್ಲ. ಮೊದಲ ಹತ್ತಾರು ಉಸಿರಿಗೇ ಅವರಿಗೆ ಜೊಂಪು ಹತ್ತುತ್ತಿತ್ತು. ಇವತ್ತು ನೆಟ್ಟಗೆ ಕೂತಿದ್ದರು.

ಸ್ವಲ್ಪ ಹೊತ್ತಿಗೆ ಗೊರಕೆಯ ಜೊತೆ ಇನ್ನೊಂದು ಸದ್ದು ಸೇರಿತು. ತೆಳ್ಳಗೆ ಶುರುವಾಗಿ, ನಡುವೆ ಸಿಳ್ಳೆ ಹೊಡೆದು, ಕ್ರಮೇಣ ಮೊದಲಿನದನ್ನೂ ಮೀರಿಸಿತು. ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಇನ್ನೊಂದು ಗೊರಕೆ ಯಾರದೆಂದು ಯಾರೂ ಹೇಳಬೇಕಾಗಿರಲಿಲ್ಲ.

"ನಾನು ಗೊರಕೆ ಹೊಡೆಯಲ್ಲ" ಎಂದರು ಅತ್ತೆ, ಮೆಲ್ಲಗೆ.

ಮಾವನ ಗೊರಕೆ ಫಕ್ಕನೆ ನಿಂತಿತು. ಮಂಚ ಕಿರುಗುಟ್ಟಿತು. ಕೆಮ್ಮು. ಆಮೇಲೆ, ಇವತ್ತಿನ ತನಕ ಯಾರೂ ಕೇಳದಿದ್ದ, ನಿದ್ದೆಗಣ್ಣಿನ ಮಾವನ ದನಿ.

"ನೋಡು ಇವಳನ್ನ. ನನ್ನ ಗೊರಕೆ ಹಿಡಿಯೋಕೆ ಕೂತು ತಾನೇ ಮಲಗಿದಾಳೆ." ಹೊದಿಕೆ ಎಳೆದ ಸರಸರ ಸದ್ದು. "ಮಲಗು ಮಲಗು. ಮದುವೆಯಾದಾಗಿಂದ ಕೇಳ್ತಿದೀನಿ, ಒಂದ್ಸಲಾನಾದ್ರೂ ಹೇಳಿದೀನಾ? ನಿಂಗೆ ನಾಚಿಕೆ ಆಗುತ್ತೆ. ಎಲ್ಲಾ ಫ್ಯಾನೇ ಅಂತಿರ್ಲಿ ಬಿಡು."

ಆಮೇಲೆ ಅತ್ತೆಯ ಗೊರಕೆಯೊಂದೇ, ತುಂಬ ಹೊತ್ತು.

ರೆಕಾರ್ಡಿಂಗ್ ಮುಗಿಯಿತು. ಅಳಿಯನಿಗೆ ಕಣ್ಣು ಮಂಜಾಗಿ ಪರದೆ ಕಾಣುತ್ತಿರಲಿಲ್ಲ. ಮಾವ ಹೋದ ದಿನವೂ ಗಟ್ಟಿಯಾಗಿದ್ದ ಅತ್ತೆ, ಮಗಳ ಹೆಗಲಿಗೆ ಒರಗಿ ಮನಸಾರೆ ಅತ್ತರು.

"ಹೇಳಲೇ ಇಲ್ಲ ನೋಡು" ಎಂದರು. "ಅವ್ರ ಬಾಯಿ ಮುಚ್ಚಿಸೋಕೆ ಅಂತ ಹಿಡಿದಿದ್ದೆ ನಾನು."

ಮುಖ ಒರೆಸಿಕೊಂಡು, ಎದ್ದುಹೋಗಿ ಕೋಣೆಯ ಕಿಟಕಿ ಮುಚ್ಚಿ ಬಂದರು, ಪಕ್ಕದ ಮನೆಯವರಿಗೆ ಕೇಳಬಾರದು ನೋಡಿ. ಮಂಚದ ಮೇಲೆ ಕಾಲು ಚಾಚಿ ಮಲಗಿದರು.

"ಇನ್ನೊಂದ್ಸಲ ಹಾಕಿ, ಅಳಿಯಂದ್ರೇ. ಮೊದಲಿಂದ ಬೇಡ, ನಿದ್ದೆ ಬಂದ್ಬಿಡುತ್ತೆ. ಅವ್ರು ಎದ್ದಲ್ಲಿಂದ ಹಾಕಿ."