ಬಳ್ಳಾರಿಗೆ ಹನ್ನೆರಡು

ಬ್ಯಾಡಗಿ ಮಾರುಕಟ್ಟೆಯಲ್ಲಿ ಯೂಸುಫಸಾಬರ ಖರೀದಿ ಅಂಗಡಿ. ಅಲ್ಲಿ ನಿರ್ಮಲಾ ಕಂಪ್ಯೂಟರಿನ ಮುಂದೆ ಕೂತು ಕೆಲಸ ಮಾಡುತ್ತಾಳೆ ಎಂಬುದು ಅವಳ ಬಳಗದಲ್ಲಿ ದೊಡ್ಡ ಸುದ್ದಿ. ಅಗಡಿಯಲ್ಲಿ ಎಂಟನೆಯ ತರಗತಿಗೆ ಶಾಲೆ ಬಿಟ್ಟವಳು, ನಾಲ್ಕು ವರ್ಷ ಮೆಣಸಿನಕಾಯಿಯ ತೊಟ್ಟು ಬಿಡಿಸಿದವಳು, ಈಗ ಇಪ್ಪತ್ತೆರಡಕ್ಕೆ ಫ್ಯಾನಿನ ಕೆಳಗೆ ಕುರ್ಚಿ ಹಿಡಿದಿದ್ದಾಳೆ. ಕೆಲಸ ಇಷ್ಟೇ. ಟೆಂಡರಿನ ದಿನ ಯೂಸುಫಸಾಬರು ಬೆಳಿಗ್ಗೆ ರಾಶಿಯಿಂದ ರಾಶಿಗೆ ತಿರುಗಿ, ನಾಲ್ಕು ಕಾಯಿ ಎತ್ತಿ ಮುರಿದು ಮೂಸಿ, ಲಾಟ್ ನಂಬರು ಮತ್ತು ಅದಕ್ಕೆ ತಾವು ಕೊಡುವ ದರವನ್ನು ಒಂದು ಚೀಟಿಯಲ್ಲಿ ಬರೆದು ತರುತ್ತಾರೆ. ವೇಳೆ ಮುಗಿಯುವುದರೊಳಗೆ ಅವನ್ನು ನಿರ್ಮಲಾ ಒಂದೊಂದೇ ಚೌಕದಲ್ಲಿ ತುಂಬಬೇಕು. ಹೆಚ್ಚು ದರ ಹಾಕಿದವರಿಗೆ ಮಾಲು. ಮನಸ್ಸು ಹೋದ ರಾಶಿಗೆ ದೊಡ್ಡ ಅಂಕಿ, ಬಂದರೆ ಬರಲಿ ಎನ್ನುವುದಕ್ಕೆ ಸಣ್ಣದು. ಮೂರು ವರ್ಷದಲ್ಲಿ ಅವಳ ಬೆರಳು ಒಮ್ಮೆಯೂ ತಪ್ಪಿರಲಿಲ್ಲ.

ಐಶ್ವರ್ಯಳ ಅರ್ಜಿ ಅವಳ ಕೈಗೆ ಬಂದದ್ದೂ ಇದರಿಂದಲೇ. ಹಲಗೇರಿಯ ಐಶ್ವರ್ಯ ಅವಳ ತಾಯಿಯ ತಂಗಿ ಬೀರವ್ವನ ಮಗಳು. ನೀಟ್ ಬರೆದಿದ್ದಳು. ದೊಡ್ಡ ಡಾಕ್ಟರಿಕೆಗೆ ಸಾಲದಿದ್ದರೂ ಹಲ್ಲಿನ ಡಾಕ್ಟರಿಕೆಗೆ ಸಾಕಾಗುವ ರ‍್ಯಾಂಕ್ ಬಂದಿತ್ತು. ಕಾಗದಪತ್ರಗಳ ಪರಿಶೀಲನೆ ಮುಗಿದಿತ್ತು. ಯಾವ ಕಾಲೇಜು ಮೊದಲು ಬೇಕು, ಯಾವುದು ಆಮೇಲೆ ಎಂದು ಪರೀಕ್ಷಾ ಪ್ರಾಧಿಕಾರದ, ಅಂದರೆ ಕೆಇಎ ಜಾಲತಾಣದಲ್ಲಿ ತುಂಬುವುದೊಂದೇ ಬಾಕಿ. ಸರಿಯಾಗಿ ಆ ವಾರವೇ ಹುಡುಗಿ ಡೆಂಗಿ ಜ್ವರ ಬಂದು ರಾಣೆಬೆನ್ನೂರಿನ ಆಸ್ಪತ್ರೆಯಲ್ಲಿ ಸಲೈನ್ ಹಚ್ಚಿಸಿಕೊಂಡು ಮಲಗಿದಳು. ಅಲ್ಲಿಂದಲೇ ಫೋನು ಮಾಡಿದಳು.

“ಅಕ್ಕಾ, ಹನ್ನೆರಡು ಕಾಲೇಜು ಹೇಳ್ತೇನಿ, ಬರ್ಕೊ. ಮೊದಲು ಬಳ್ಳಾರಿ ಸರ್ಕಾರಿ. ನನಗ ಬೇಕಾಗಿದ್ದು ಅದ. ಕಡೀಕ ಸಮುದ್ರದ ಕಡೆದು, ಅದು ಸುಮ್ನ ಇರ್ಲಿ ಅಂತ. ಅಷ್ಟ ದೂರ ಅಪ್ಪ ಕಳಸಂಗಿಲ್ಲ. ನಂಬರ ಹಾಕೋದು ನಿನಗ ಗೊತ್ತೈತಲ್ಲ?”

“ದಿನಾ ಅದನ್ನ ಮಾಡ್ತೇನಲ್ಲ,” ಎಂದಳು ನಿರ್ಮಲಾ.

ಅಂಗಡಿಯ ಕಂಪ್ಯೂಟರಿನ ಪರದೆಯ ಮೇಲೆ ಕಾಲೇಜುಗಳ ಹೆಸರು ಇಂಗ್ಲಿಷಿನಲ್ಲಿದ್ದವು. ಅಕ್ಷರ ಕೂಡಿಸಿ ಕೂಡಿಸಿ ಹೊಂದಿಸಿಕೊಂಡಳು. ಪ್ರತಿ ಹೆಸರಿನ ಮುಂದೆ ಒಂದು ಖಾಲಿ ಚೌಕ, ಮೇಲೆ ಕೆಂಪಕ್ಷರದಲ್ಲಿ ಅವಳಿಗೆ ತಿಳಿಯದ ನಾಲ್ಕು ಸಾಲು ಇಂಗ್ಲಿಷ್ ಸೂಚನೆ. ಬಳ್ಳಾರಿಯ ಚೌಕದ ಹತ್ತಿರ ಬಂದಾಗ ಬೆರಳು ನಿಂತಿತು. ಒಂದೋ, ಹನ್ನೆರಡೋ? ಫೋನು ಇನ್ನೂ ಕಿವಿಯಲ್ಲೇ ಇತ್ತು. ಕೇಳಿದ್ದರೆ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. ಅಷ್ಟರಲ್ಲಿ ಆಚೆ ಕಡೆ ಐಶ್ವರ್ಯಳ ಅಪ್ಪ ಪರಮೇಶಪ್ಪ ಯಾರಿಗೋ ಹೇಳುತ್ತಿದ್ದುದು ಕೇಳಿಸಿತು: “ನಮ್ಮ ನಿರ್ಮಲಾ ಅದಾಳ್ರಿ, ಕಂಪ್ಯೂಟರ ಅಂದ್ರ ಆಕಿಗೆ ನೀರು ಕುಡದಂಗ.”

ಆ ಮಾತಿನ ಮೇಲೆ ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಬೇಕಾದದ್ದಕ್ಕೆ ದೊಡ್ಡ ಅಂಕಿ ಎಂದು ತನಗೆ ತಾನೇ ಹೇಳಿಕೊಂಡು ಬಳ್ಳಾರಿಗೆ ಹನ್ನೆರಡು ಹಾಕಿದಳು. ಹಾಗೇ ಇಳಿಯುತ್ತ ಬಂದು ಸಮುದ್ರದ ಕಡೆಯ ಕಾಲೇಜಿಗೆ ಒಂದು. ಪರಮೇಶಪ್ಪನ ಮೊಬೈಲಿಗೆ ಬಂದ ಒಟಿಪಿಯನ್ನು ಅವನು ಒಂದೊಂದೇ ಅಂಕಿಯಾಗಿ ಓದಿದ. ಕೆಲಸ ಮುಗಿಯಿತು.

ಐದನೆಯ ದಿನ ಬುಧವಾರ, ಅಣಕು ಹಂಚಿಕೆಯ ಫಲಿತಾಂಶ ಬಂತು. ಖರೇ ಹಂಚಿಕೆಗಿಂತ ಮೊದಲು ಹೀಗೆ ಒಮ್ಮೆ ತೋರಿಸುತ್ತಾರೆ. ಬೇಕಿದ್ದವರು ಮರುದಿನ ಹನ್ನೊಂದು ಗಂಟೆಯೊಳಗೆ ಕಾಲೇಜುಗಳ ಸರದಿ ಬದಲಿಸಬಹುದು. ನಿರ್ಮಲಾ ಐಶ್ವರ್ಯಳ ನಂಬರು ಹಾಕಿ ನೋಡಿದಳು. ಸಮುದ್ರದ ಕಡೆಯ ಕಾಲೇಜು. ಅದರ ಪಕ್ಕದಲ್ಲಿ, ಆಯ್ಕೆ ಸಂಖ್ಯೆ ಒಂದು.

ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೆಣಸಿನಕಾಯಿ ಮುಟ್ಟಿದ ಕೈಯಿಂದ ಒರೆಸಿಕೊಂಡ ಹಾಗೆ ಅವಳ ಮುಖವೆಲ್ಲ ಉರಿಯಿತು.

“ಯಾವುದು ಬಂತವಾ?” ಎಂದ ಪರಮೇಶಪ್ಪ ಫೋನಿನಲ್ಲಿ. ಹೆಸರು ಹೇಳಿದಳು.

“ಹಂಗಾರ ಬ್ಯಾಡ ಬಿಡು. ಇಲ್ಲೇ ರಾಣೆಬೆನ್ನೂರಾಗ ಬಿಎಸ್ಸಿಗೆ ಹಚ್ಚೂಣು.”

ಐಶ್ವರ್ಯ ಫೋನು ಇಸಿದುಕೊಂಡಳು. “ಅಕ್ಕಾ, ಹೋದ ವರ್ಷ ನನಗಿಂತ ಹಿಂದ ಇದ್ದೋರಿಗೂ ಬಳ್ಳಾರಿ ಸಿಕ್ಕೈತಿ. ಈ ವರ್ಷ ಕಟಾಫ್ ಏರಿರಬೇಕಲ್ಲ?”

“ಏರಿರಬೇಕು,” ಎಂದಳು ನಿರ್ಮಲಾ.

ಅಂಕಿ ತಪ್ಪು ಹಾಕಿದ್ದು ತಿಳಿಯದೆ ಆದದ್ದು. ಈ ಮಾತು ಹಾಗಲ್ಲ. ಸಂಜೆ ಊರಿಗೆ ಮರಳುವಾಗ ಹಾವೇರಿಯ ಬಸ್ಸಿನಲ್ಲಿ ಕಿಟಕಿಗೆ ಹಣೆ ಹಚ್ಚಿ ಕೂತಾಗ ಅವಳನ್ನು ಕಾಡಿದ್ದು ಅಂಕಿಗಿಂತ ಈ ಮಾತೇ. ಯಾರಿಗೂ ಹೇಳದೆ ಬೆಳಿಗ್ಗೆ ತಾನೇ ತಿದ್ದಿಬಿಡಬಹುದು ಎಂದುಕೊಂಡಳು. ಆದರೆ ಒಳಗೆ ಹೋಗಲು ಒಟಿಪಿ ಬೇಕು, ಅದು ಬರುವುದು ಪರಮೇಶಪ್ಪನ ಮೊಬೈಲಿಗೆ. ಹಲಗೇರಿಯ ಆ ಮನೆಯಲ್ಲಿ ಯಾರಿಗೂ ಗೊತ್ತಾಗದಂತೆ ಏನೂ ತಿದ್ದುವ ಹಾಗಿರಲಿಲ್ಲ.

ಗುರುವಾರ ಒಂಬತ್ತೂವರೆಗೆ ಅಂಗಡಿ ಸೇರಿದವಳು ಕಸ ಗುಡಿಸಿದಳು, ಕುಡಿಯುವ ನೀರು ತುಂಬಿದಳು, ಗುಡಿಸಿದ್ದನ್ನೇ ಮತ್ತೆ ಗುಡಿಸಿದಳು. ಹತ್ತು ದಾಟಿದ ಮೇಲೆ ಫೋನು ಹಚ್ಚಿದಳು.

“ಕಾಕಾ, ಒಂದು ಒಟಿಪಿ ಬರ್ತೈತಿ. ಹೇಳ್ರಿ.”

“ಯಾಕವಾ, ಎಲ್ಲಾ ಮುಗೀತಲ್ಲ?”

“ಸುಮ್ನ, ಒಂದು ನೋಡೂದಿತ್ತು.”

“ತಡಿ, ಸ್ಪೀಕರ ಹಾಕ್ತೇನಿ. ಐಶೂ ಓದ್ತಾಳ.”

ಹಿಂದಿನ ಸಂಜೆಯಷ್ಟೇ ಐಶ್ವರ್ಯ ಆಸ್ಪತ್ರೆಯಿಂದ ಮನೆಗೆ ಬಂದಿದ್ದಳು. ನೋಡಲು ಬಂದವರಿಂದ ಮನೆ ತುಂಬಿರುವುದು ಸದ್ದಿನಲ್ಲೇ ತಿಳಿಯುತ್ತಿತ್ತು. ಓಣಿಯ ಮುದುಕಿ ಹೊನ್ನವ್ವನ ದನಿ ಎಲ್ಲರಿಗಿಂತ ಮುಂದೆ: “ಏನವಾ ಕಂಪ್ಯೂಟರ ಮೇಡಂ, ನನ್ನ ಬಾಯಾಗ ಮೂರ ಹಲ್ಲು ಉಳದಾವು. ಅವು ಬೀಳೂದ್ರೊಳಗ ಈಕಿನ್ನ ಡಾಕ್ಟರ ಮಾಡ್ತೀಯೋ ಇಲ್ಲೋ?”

ಅಲ್ಲಿದ್ದವರೆಲ್ಲ ನಕ್ಕರು. ಐಶ್ವರ್ಯ ಕೇಳಿದಳು, “ಯಾಕಕ್ಕಾ ಒಟಿಪಿ?”

ಗಡಿಯಾರ ಹತ್ತೂಕಾಲು ತೋರಿಸುತ್ತಿತ್ತು.

“ಐಶೂ, ನಾ ಉಲ್ಟಾ ಹಾಕೀನಿ. ಬಳ್ಳಾರಿಗೆ ಹನ್ನೆರಡು ಹಾಕೀನಿ, ಕಡೇದಕ್ಕ ಒಂದು. ನಮ್ಮ ಟೆಂಡರದಾಗ ದೊಡ್ಡ ನಂಬರ ಹಾಕಿದೋರಿಗೆ ಮಾಲು. ಇದೂ ಹಂಗ ಅಂತ ತಿಳ್ಕೊಂಡೆ. ನಿನ್ನೆ ನೋಡಿದ ಕೂಡ್ಲೆ ಗೊತ್ತಾತು. ಗೊತ್ತಾದ ಮ್ಯಾಲೂ ನಿನಗ ಕಟಾಫ್ ಏರಿರಬೇಕು ಅಂದೆ.”

ಹೊನ್ನವ್ವ, “ಅಲ್ಲವಾ, ಹುಡುಗಿನ್ನ ಮೆಣಸಿನಕಾಯಿ ಚೀಲಾ ಮಾಡಿದೆಲ್ಲ,” ಎಂದಳು. ಈ ಸಲ ಯಾರೂ ನಗಲಿಲ್ಲ.

“ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ನಾಕ ಏನಾಗಿತ್ತ ನಿನಗ?” ಎಂದಳು ಬೀರವ್ವ. “ಜ್ವರದಾಗಿಂದ ಎದ್ದ ಕೂಸು, ನಿನ್ನೆಯಿಂದ ಒಂದು ತುತ್ತು ಮುಟ್ಟಿಲ್ಲ. ಸಾಲೀ ಕಲ್ತಿಲ್ಲ ಅಂತ ನಮಗೇನ ಗೊತ್ತಿರಲಿಲ್ಲೇನು?”

“ಅವ್ವಾ, ಆಮ್ಯಾಲೆ ಬೈಯಿ,” ಎಂದಳು ಐಶ್ವರ್ಯ. “ಅಕ್ಕಾ, ಒಟಿಪಿ ಬಂತು. ಹಾಕು.”

ಅವಳು ಹೇಳುತ್ತ ಹೋದಳು, ನಿರ್ಮಲಾ ಹಾಕುತ್ತ ಹೋದಳು. ಬಳ್ಳಾರಿ ಒಂದು. ಪ್ರತಿ ಸಾಲನ್ನೂ ಐಶ್ವರ್ಯ ತಿರುಗಿ ಓದಿಸಿದಳು, ಒಂದನೆಯ ತರಗತಿಯ ಮಕ್ಕಳಿಗೆ ಮಗ್ಗಿ ಒಪ್ಪಿಸಲು ಹೇಳಿದಂತೆ. ಹನ್ನೆರಡೂ ಮುಗಿದ ಮೇಲೆ ಕೇಳಿದಳು, “ಬಾಜೂಕ ಇಂಗ್ಲಿಷ್ ಓದೋರು ಯಾರರೆ ಅದಾರೇನಕ್ಕಾ? ಅವರಿಗೆ ಒಮ್ಮೆ ಫೋನ ಕೊಡು.”

ಯೂಸುಫಸಾಬರು ಚೀಟಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ನಿರ್ಮಲಾ ಮುಖ ಎತ್ತದೆ ಫೋನು ಚಾಚಿದಳು. ಅವರು ಕನ್ನಡಕ ಏರಿಸಿ ಪರದೆಯನ್ನು ಮೇಲಿನಿಂದ ಕೆಳಗಿನವರೆಗೆ ಐಶ್ವರ್ಯಳಿಗೆ ಓದಿ ಹೇಳಿದರು. “ಬರೋಬ್ಬರಿ ಐತಿ ನೋಡವಾ,” ಎಂದು ಹೇಳಿ, ಉಳಿಸುವ ಗುಂಡಿಯನ್ನು ತಾವೇ ಒತ್ತಿದರು. ಗಂಟೆ ಹನ್ನೊಂದಾಗಲು ಹದಿನೆಂಟು ನಿಮಿಷವಿತ್ತು.

ಫೋನು ಮೇಜಿನ ಮೇಲಿಟ್ಟು ಅವರು ಕೇಳಿದರು, “ಅವತ್ತ ನಾ ಇಲ್ಲೇ ಇದ್ದೆ. ಒಂದು ಮಾತು ಕೇಳಿದ್ರ ಏನಾಗ್ತಿತ್ತು?”

ಅವರು ಚೀಟಿ ಮುಂದಿಟ್ಟರು. ಅಂದು ಅವಳು ಪ್ರತಿ ದರವನ್ನೂ ಎರಡೆರಡು ಸಲ ನೋಡಿ ತುಂಬಿದಳು.

ಖರೇ ಹಂಚಿಕೆಯ ದಿನ ಹಲಗೇರಿಯಿಂದ ಯಾರೂ ಫೋನು ಮಾಡಲಿಲ್ಲ. ಐಶ್ವರ್ಯಳ ನಂಬರು ನಿರ್ಮಲಾಗೆ ಬಾಯಿಪಾಠವಾಗಿತ್ತು, ಜಾಲತಾಣ ತೆರೆದಿತ್ತು. ಆದರೂ ನೋಡುವ ಹಕ್ಕು ತನಗಿಲ್ಲ ಅನ್ನಿಸಿತು. ಮರುದಿನ ಮಧ್ಯಾಹ್ನ ತಡೆಯಲಾರದೆ ತಾನೇ ಫೋನು ಮಾಡಿದಳು.

“ಬಂತಕ್ಕಾ, ಬಳ್ಳಾರಿನ,” ಎಂದಳು ಐಶ್ವರ್ಯ. “ರಾಣೆಬೆನ್ನೂರಿಗೆ ಹೋಗಿ ಸೈಬರದಾಗ ನಾನ ನೋಡ್ಕೊಂಡು ಬಂದೆ. ನಿನಗ ಹೇಳಬೇಕಂತ ಮಾಡಿದ್ದೆ.”

“ಚಲೋ ಆತು.”

ಹಿಂದೆ ಬೀರವ್ವ ಯಾರ ಫೋನೆಂದು ಕೇಳಿದಳು. ಐಶ್ವರ್ಯ ಹೆಸರು ಹೇಳಿದಳು. ಬೀರವ್ವ ಪಾತ್ರೆ ಸದ್ದು ಮಾಡುತ್ತ ಒಳಗೆ ಹೋದದ್ದು ಕೇಳಿಸಿತು.

ಫೋನು ಇಡಬೇಕೆನ್ನಿಸಿತು. ಇಡದೆ ನಿರ್ಮಲಾ ಕೇಳಿದಳು, “ಮುಂದ ಏನ ಮಾಡ್ತಾರ ಐಶೂ? ನನಗ ಗೊತ್ತಿಲ್ಲ. ಹೇಳು.”

“ಈಗ ಸೀಟು ಒಪ್ಪಿಗಿ ಅಂತ ಒತ್ತಬೇಕು,” ಎಂದು ಐಶ್ವರ್ಯ ಶುರುಮಾಡಿದಳು. ಮೊದಮೊದಲು ಚುಟುಕಾಗಿ, ಆಮೇಲೆ ಸ್ವಲ್ಪ ಬಿಡಿಸಿ. ನಿರ್ಮಲಾ ಉರಿಯುವ ಕಿವಿಗೆ ಫೋನು ಒತ್ತಿಕೊಂಡು, ಅರ್ಥವಾಗದ ಕಡೆಯೆಲ್ಲ ತಡೆದು ತಡೆದು ಕೇಳಿದಳು.