ಕಿವಿಯಕ್ಕನ ನೀಲಿ ನಾಬ್

ಧ್ವನಿಮುದ್ರಣದ ಕಸುಬಿನವರೆಲ್ಲ ಅವಳನ್ನು ಕಿವಿಯಕ್ಕ ಎನ್ನುತ್ತಿದ್ದರು. ಹೆಸರಿಟ್ಟವನು ಸ್ವಂತ ತಮ್ಮ, ಅದನ್ನು ಕಂಡಕಂಡವರಿಗೆಲ್ಲ ಹಂಚಿದವನೂ ಅವನೇ. ಒಂದು ಹಾಡು ಕೇಳಿಸಿದರೆ ಸಾಕು, ಮೈಕನ್ನು ಗೋಡೆಗೆ ತೀರಾ ಹತ್ತಿರ ಇಟ್ಟಿದ್ದರೋ, ಯಾವ ತಂತಿಯ ಬೆಸುಗೆ ಬಿಟ್ಟಿತ್ತೋ, ಹಾಡಿದವನಿಗೆ ನೆಗಡಿಯಾಗಿತ್ತೋ, ಎಲ್ಲವನ್ನೂ ಕಣ್ಣಾರೆ ಕಂಡವಳ ಹಾಗೆ ಹೇಳಿಬಿಡುವಳು. ಅವಳ ಗಂಡ ಮಾತ್ರ, "ನಾನು ಅಡುಗೆಮನೆಯಿಂದ ಕೂಗಿದ್ದೊಂದು ಈ ಕಿವಿಗೆ ಬೀಳಲ್ಲ" ಎಂದು ಗೊಣಗುತ್ತಿದ್ದ. ಗಂಡಂದಿರು ಗೊಣಗುವುದು ಇದ್ದದ್ದೇ ಎಂದು ಯಾರೂ ಅದನ್ನು ತಲೆಗೆ ಹಚ್ಚಿಕೊಂಡಿರಲಿಲ್ಲ.

ಅಕ್ಕ ತಮ್ಮ ಇಬ್ಬರದೇ ಒಂದು ಪುಟ್ಟ ಕಂಪನಿ. ಸೋಫಾ ರಿಪೇರಿ ಅಂಗಡಿಯ ಮಹಡಿಯ ಮೇಲೆ ಒಂದು ದೊಡ್ಡ ಕೋಣೆ, ಗೋಡೆಗೆಲ್ಲ ಸದ್ದು ಹೀರುವ ದಪ್ಪ ಹಲಗೆ. ಈಗ ಆ ಕೋಣೆಯ ನಟ್ಟನಡುವೆ ಮೇಷ್ಟ್ರ ಮಿಕ್ಸಿಂಗ್ ಕನ್ಸೋಲ್ ಕೂತಿತ್ತು. ಮೇಷ್ಟ್ರೆಂದರೆ ಅಕ್ಕನಿಗೆ ಧ್ವನಿಮುದ್ರಣ ಕಲಿಸಿದವರು. ಅವರು ಆಯಸ್ಸಿಡೀ ಹಾಡುಗಳನ್ನು ಹದ ಮಾಡಿದ ಆ ಯಂತ್ರ ಇಬ್ಬರು ಮಲಗುವ ಮಂಚದಷ್ಟಿತ್ತು. ಒಳಗೆ ನೋಡಿದರೆ ಬರೀ ಟ್ರಾನ್ಸ್‌ಫಾರ್ಮರು, ತಂತಿ, ಧೂಳು. ಬೆಳಿಗ್ಗೆ ಸ್ವಿಚ್ ಹಾಕಿದರೆ ಬಿಸಿಯಾಗಿ ಒಂದು ನೆಲೆಗೆ ಬರುವಷ್ಟರಲ್ಲಿ ಊಟದ ಹೊತ್ತಾಗುತ್ತಿತ್ತು. ಅಲ್ಲಿಯವರೆಗೆ ಅದನ್ನು ಮಾತಾಡಿಸಿ ಪ್ರಯೋಜನವಿಲ್ಲ, ಕೆಲವು ಮನುಷ್ಯರ ಹಾಗೆ.

ಅದರ ಮೈತುಂಬ ನಾಬುಗಳ ಸಾಲು, ಪ್ರತಿ ಸಾಲಿನಲ್ಲೂ ಒಂದು ಈಕ್ವಲೈಜರ್. ತಗ್ಗಿನ ಗುಂಯ್ ಎನ್ನುವ ಸದ್ದಿಗೆ ಕೆಂಪು ನಾಬ್, ಮನುಷ್ಯರ ದನಿ ಇರುವ ಮಧ್ಯಭಾಗಕ್ಕೆ ಬೂದು ನಾಬ್, ತುತ್ತತುದಿಯ ಕಿಣಿಕಿಣಿಗೆ ನೀಲಿ ನಾಬ್. ತಿರುಗಿಸಿದರೆ ಆಯಾ ಭಾಗ ಏರುತ್ತದೆ, ಇಳಿಯುತ್ತದೆ. ಹಾಗೆ ಏರಿಸಿ ಇಳಿಸುವಾಗ ಹಳೆಯ ಯಂತ್ರ ತನ್ನದೇ ಒಂದು ರುಚಿಯನ್ನು ಬೆರೆಸುತ್ತಿತ್ತು. ಆ ರುಚಿಯನ್ನೇ ಹಿಡಿದು ಕಂಪ್ಯೂಟರಿನಲ್ಲಿ ಕೂರಿಸುವ ಪುಟ್ಟ ಪ್ರೋಗ್ರಾಮನ್ನು, ಅಂದರೆ ಪ್ಲಗಿನ್ನನ್ನು, ಇವರಿಬ್ಬರು ಮಾಡುತ್ತಿದ್ದರು. ಬೇರೆ ಯಂತ್ರಗಳಿಂದ ಹೀಗೆ ಮೊದಲೂ ಮಾಡಿದ್ದರು, ಇದು ಮೇಷ್ಟ್ರ ಹೆಸರಿನಲ್ಲೇ ಹೊರಬರುವುದಿತ್ತು.

ಕೆಲಸದ ಕ್ರಮ ಹೀಗೆ. ತಮ್ಮ ಕನ್ಸೋಲಿಗೆ ಸದ್ದು ಕಳಿಸಿ, ಬಂದದ್ದನ್ನು ಅಳೆದು, ಅದರಂತೆ ಪ್ರೋಗ್ರಾಮು ಬರೆಯುವನು. ಬರೆದದ್ದನ್ನು ಅಕ್ಕನ ಕಂಪ್ಯೂಟರಿಗೆ ಹಾಕಿಕೊಡುವನು. ಅಕ್ಕ ಒಮ್ಮೆ ಯಂತ್ರವನ್ನು, ಒಮ್ಮೆ ಪ್ಲಗಿನ್ನನ್ನು ಕೇಳಿ, ಉಪ್ಪು ಕಮ್ಮಿ, ಹುಳಿ ಹೆಚ್ಚು ಎನ್ನುವಂತೆ ಹೇಳುವಳು. ಅಳತೆ ಏನೇ ಹೇಳಲಿ, ಅಕ್ಕನ ತಲೆ ಅಲ್ಲಾಡದೆ ಯಾವುದೂ ಆ ಕೋಣೆಯಿಂದ ಹೊರಗೆ ಹೋಗುತ್ತಿರಲಿಲ್ಲ.

ಕೆಂಪು ಸಲೀಸಾಗಿ ಮುಗಿಯಿತು. ಬೂದು ಬಣ್ಣದ್ದು ತಿಂಗಳುಗಟ್ಟಲೆ ಜೀವ ತಿಂದರೂ ಕೊನೆಗೆ ಸೊಗಸಾಗಿ ಕೂತಿತು. ಸಿಕ್ಕಿಹಾಕಿಕೊಂಡದ್ದು ನೀಲಿಯಲ್ಲಿ.

"ಇನ್ನೂ ಮಂಕಾಗಿದೆ ಕಣೋ. ಮೇಷ್ಟ್ರದ್ದು ಹೇಗೆ ಫಳಫಳ ಅನ್ನುತ್ತೆ, ನಿನ್ನದು ನೋಡು, ಕಂಬಳಿ ಹೊದ್ಕೊಂಡು ಕೂತಿದೆ. ಏರಿಸು."

"ಅಳತೆ ಕೂದಲೆಳೆಯಷ್ಟೂ ಆಚೀಚೆ ಇಲ್ಲ ಅಕ್ಕ."

"ಅಳತೆ ಹಾಡು ಕೇಳುತ್ತೇನೋ?"

ತಮ್ಮ ಉಸಿರುಬಿಟ್ಟು ಏರಿಸುವನು. ಮರುದಿನ ಅಕ್ಕ ಮತ್ತೆ ಏರಿಸೆನ್ನುವಳು.

ಹೀಗಿರುವಾಗ ಒಂದು ದಿನ ರಿಪೇರಿಯವರು ಬಂದರು, ಕನ್ಸೋಲಿಗೆ ಕರೆಂಟು ಕೊಡುವ ಪೆಟ್ಟಿಗೆಯನ್ನು ನೋಡಿಹೋಗಲು. ಬಾಗಿಲು ತೆರೆದು ಒಳಗೆ ಕಾಲಿಟ್ಟವರೇ ಮುಖ ಕಿವುಚಿದರು.

"ಏನಮ್ಮಾ ಇದು, ಒಂದೇ ಸಮನೆ ಕುಂಯ್ ಅಂತಿದೆ! ಇದರ ಮಧ್ಯೆ ಹೇಗೆ ಕೂತಿದ್ದೀರಿ? ತಲೆ ಸಿಡಿಯಲ್ವಾ?"

ಅಕ್ಕ ಕಿವಿಗೊಟ್ಟು ಕೇಳಿದಳು. ಕೋಣೆ ನಿಶ್ಶಬ್ದವಾಗಿತ್ತು. ಕೆಳಗಿನ ಅಂಗಡಿಯಲ್ಲಿ ಯಾರೋ ಮೊಳೆ ಹೊಡೆಯುತ್ತಿದ್ದುದು ಕೇಳಿತು, ತಮ್ಮನ ಬೆರಳು ಕೀಬೋರ್ಡಿನ ಮೇಲೆ ಓಡುತ್ತಿದ್ದುದು ಕೇಳಿತು. ಕುಂಯ್ ಎನ್ನುವುದು ಯಾವ ಮೂಲೆಯಲ್ಲೂ ಇರಲಿಲ್ಲ. ಅವಳ ಎದೆ ಧಸಕ್ಕೆಂದಿತು. ಆದರೆ ಬಾಯಿ ಎದೆಗಿಂತ ಚುರುಕು.

"ಬೆಳಿಗ್ಗೆಯಿಂದ ಬಡ್ಕೋತಾ ಇದ್ದೀನಿ, ಇವನು ಕೇಳಬೇಕಲ್ಲ" ಎಂದಳು.

ತಮ್ಮ ಪರದೆಯಿಂದ ತಲೆಯೆತ್ತಿ ಅವಳನ್ನು ನೋಡಿದ. ಏನೋ ಹೇಳುವವನಂತಿದ್ದ. ಆದರೆ ಮತ್ತೆ ತಲೆ ತಗ್ಗಿಸಿ ಕೀಬೋರ್ಡಿಗೆ ಮರಳಿದ.

ರಿಪೇರಿಯವರು ಒಂದು ಸಾಲನ್ನು ಬಿಚ್ಚಿ ಹೊರಗೆಳೆದು, ಒಣಗಿಹೋಗಿದ್ದ ಒಂದು ಕೆಪಾಸಿಟರ್ ಕಿತ್ತು ಹೊಸದನ್ನು ಬೆಸೆದರು. "ಹಾಂ, ನಿಂತಿತು ನೋಡಿ" ಎಂದರು.

"ಅಬ್ಬ, ಈಗ ಜೀವಕ್ಕೆ ಹಾಯೆನಿಸ್ತು" ಎಂದಳು ಅಕ್ಕ. ಅವಳ ಪಾಲಿಗೆ ಏನೂ ನಿಂತಿರಲಿಲ್ಲ, ಏಕೆಂದರೆ ಏನೂ ಶುರುವಾಗಿರಲೇ ಇಲ್ಲ.

ತಮ್ಮ ಊಟಕ್ಕೆ ಇಳಿದುಹೋದ ಮೇಲೆ ಅವಳು ಹೆಡ್‌ಫೋನ್ ಹಾಕಿಕೊಂಡು, ಸದ್ದು ಹುಟ್ಟಿಸುವ ಪೆಟ್ಟಿಗೆಯ ಮುಂದೆ ಕೂತಳು. ಒಂದೇ ಒಂದು ತೆಳ್ಳನೆಯ ಸದ್ದು. ಅದರ ಸ್ವರವನ್ನು ಮೆಲ್ಲಗೆ ಮೇಲೆ ಮೇಲೆ ಒಯ್ದಳು. ಸದ್ದು ಸಣ್ಣದಾಯಿತು, ಸೂಜಿಯಷ್ಟಾಯಿತು, ಆಮೇಲೆ ಇಲ್ಲವಾಯಿತು. ಪೆಟ್ಟಿಗೆಯ ಮೇಲೆ ಸದ್ದಿನ ಜೋರು ತೋರಿಸುವ ಮುಳ್ಳು ಮಾತ್ರ ಇದ್ದಲ್ಲೇ ಇತ್ತು, ಒಂಚೂರೂ ಇಳಿದಿರಲಿಲ್ಲ. ಅವಳು ಹೆಡ್‌ಫೋನನ್ನು ಬೈದಳು, ಬೇರೆಯದನ್ನು ತೊಟ್ಟಳು. ಎಡಗಿವಿಯದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಮಾಡಿದಳು. ತಂತಿ ಬದಲಾಯಿಸಿದಳು. ಪ್ರತಿ ಸಲವೂ ಸದ್ದು ಅದೇ ಜಾಗದಲ್ಲಿ ಅವಳ ಕೈಬಿಟ್ಟು ಹೋಗುತ್ತಿತ್ತು. ಆ ಜಾಗದಿಂದಾಚೆಗೇ ನೀಲಿ ನಾಬಿನ ರಾಜ್ಯವೆಲ್ಲ ಇದ್ದದ್ದು.

ಹಾಗಾದರೆ ಇಷ್ಟು ದಿನ ಮೇಷ್ಟ್ರ ಯಂತ್ರ ಫಳಫಳ ಎಂದದ್ದು? ಅದು ನೆನಪು. ಎಷ್ಟೋ ವರ್ಷ ಕೇಳಿದ ಸದ್ದನ್ನು ಕೈ ನಾಬ್ ಮುಟ್ಟಿದೊಡನೆ ಮನಸ್ಸೇ ತುಂಬಿಕೊಡುತ್ತಿತ್ತು. ತಮ್ಮನ ಪ್ಲಗಿನ್ನಿಗೆ ತುಂಬಿಕೊಡಲು ನೆನಪಿರಲಿಲ್ಲ, ಅದಕ್ಕೇ ಅದು ಮಂಕು.

ಯಾರಿಗೂ ಹೇಳದೆ ಕಿವಿಯ ಡಾಕ್ಟರ ಹತ್ತಿರ ಹೋದಳು. ಅವರು ಗಾಜಿನ ಗೂಡಿನಲ್ಲಿ ಕೂರಿಸಿ, ಬೀಪ್ ಕೇಳಿಸಿದಾಗಲೆಲ್ಲ ಗುಂಡಿ ಒತ್ತಿಸಿ, "ನಿಮ್ಮ ವಯಸ್ಸಿಗೆ ಏನೂ ತೊಂದರೆಯಿಲ್ಲ" ಎಂದರು.

"ಇನ್ನೂ ಮೇಲಿನದನ್ನ ನೋಡಲಿಲ್ವಲ್ಲ ಡಾಕ್ಟ್ರೇ?"

"ಅದು ಮಾತಿಗೆ ಬೇಕಾಗಲ್ಲಮ್ಮ. ಎಲ್ಲರಿಗೂ ನಿಧಾನಕ್ಕೆ ಹೋಗುತ್ತೆ, ಹೋದದ್ದು ವಾಪಸ್ ಬರಲ್ಲ. ಮಾತು ಕೇಳಿಸುತ್ತಲ್ಲ, ಇನ್ನೇನು?"

ಇನ್ನೇನು ಎಂದು ಅವರಿಗೆ ಹೇಗೆ ಹೇಳುವುದು? ಅಡುಗೆಯವನಿಗೆ ನಾಲಿಗೆ ಹೋದರೂ ಹೊಟ್ಟೆಗಿಳಿಯುತ್ತಲ್ಲ, ಇನ್ನೇನು ಎಂದ ಹಾಗಾಯಿತು. ಅವಳು ನಗುತ್ತ ಎದ್ದು ಬಂದಳು, ಮೆಟ್ಟಿಲ ಬಳಿ ಕಂಬಿ ಹಿಡಿದು ನಿಂತಳು.

ಅಲ್ಲಿಂದ ಮುಂದೆ ಭಯವೇ ಅವಳ ಉದ್ಯೋಗವಾಯಿತು. ಟ್ಯೂಬ್‌ಲೈಟಿನ ಕೆಳಗೆ ನಿಂತು, ಇದೂ ಏನಾದರೂ ಗುಯ್‌ಗುಡುತ್ತಿದೆಯೋ ಎಂದು ಮೇಲೆ ನೋಡುವಳು. ಅಂಗಡಿಯಲ್ಲಿ ಪಕ್ಕದವರು ತಿರುಗಿ ನೋಡಿದರೆ, ತನಗೆ ಕೇಳದ್ದೇನೋ ಅವರಿಗೆ ಕೇಳಿಸಿತು ಎಂದು ಅವಳೂ ಬೇಗನೆ ತಿರುಗಿ ನೋಡುವಳು. ಕತ್ತಲೆಯಲ್ಲಿ ಇರುವುದಕ್ಕಿಂತ, ತಾನು ಕತ್ತಲೆಯಲ್ಲಿದ್ದೇನೆಂದು ತಿಳಿಯದೆ ಇದ್ದದ್ದು ಅವಳನ್ನು ಹೆಚ್ಚು ಹೆದರಿಸಿತು. ಕಂಪನಿಯಲ್ಲಿ ತಮ್ಮನಿಗೆ ಪ್ರೋಗ್ರಾಮು ಬರೆಯುವ ವಿದ್ಯೆಯಿತ್ತು. ಅವಳಿಗೆ ಇದ್ದದ್ದು ಕಿವಿಯೊಂದೇ. ಅದೂ ಇಲ್ಲವೆಂದಾದರೆ ಆ ಕುರ್ಚಿಯಲ್ಲಿ ಕೂತವಳು ಯಾರು?

ಅದಕ್ಕಿಂತ ಹತ್ತಿರದ ಭಯ ಇನ್ನೊಂದಿತ್ತು. ಅವಳ ಮಾತು ಕೇಳಿ ತಮ್ಮ ನೀಲಿಯನ್ನು ಏರಿಸಿ ಏರಿಸಿ ಎಲ್ಲಿಗೆ ತಂದು ನಿಲ್ಲಿಸಿದ್ದನೋ ದೇವರೇ ಬಲ್ಲ. ಮೇಷ್ಟ್ರು ಬಂದು ಕೇಳುವ ದಿನ ನಿಗದಿಯಾಗಿಬಿಟ್ಟಿತ್ತು. ಅವರು ಒಂದು ಹಾಡು ಕೇಳಿ ಕಿವಿ ಮುಚ್ಚಿಕೊಂಡರೆ ಅಲ್ಲಿಗೆ ಎಲ್ಲ ಮುಗಿಯಿತು. ಇಳಿಸು ಎಂದು ತಮ್ಮನಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಯಾಕೆ ಎಂದು ಅವನು ಕೇಳುತ್ತಾನೆ. ಪ್ರತಿದಿನ ಬೆಳಿಗ್ಗೆ ಹೇಳಿಬಿಡಬೇಕೆಂದು ಮಹಡಿ ಹತ್ತುವಳು, ಸಂಜೆ ಹೇಳದೆ ಇಳಿಯುವಳು.

ಆ ದಿನ ಬಂದೇ ಬಂತು. ಮೇಷ್ಟ್ರು ಕೋಲೂರಿಕೊಂಡು ಮೆಟ್ಟಿಲು ಹತ್ತಿ ಬಂದರು. ಜೊತೆಗೆ ಅವರ ಹೊಸ ಶಿಷ್ಯೆಯರಿಬ್ಬರು, ಮಿಕ್ಸಿಂಗ್ ಕೆಲಸದವರು, ಚುರುಕು ಕಿವಿಯವರು. ಎಲ್ಲರೂ ಕನ್ಸೋಲಿನ ಮುಂದೆ ಕೂತರು. ತಮ್ಮ ಒಂದು ಸ್ವಿಚ್ಚು ಹಿಡಿದು ಹಿಂದೆ ನಿಂತ. ಒತ್ತಿದರೆ ಯಂತ್ರ, ಬಿಟ್ಟರೆ ಪ್ಲಗಿನ್. ಯಾವುದು ಯಾವುದೆಂದು ಅವನು ಹೇಳುವಂತಿರಲಿಲ್ಲ.

"ಮೊದಲನೇದು" ಎಂದ. ಹಾಡು ಬಂತು. "ಎರಡನೇದು."

ಹಾಡು ಕಿವಿಗೆ ಬೀಳುತ್ತಿದ್ದರೂ ಅಕ್ಕನ ಕಣ್ಣು ಮುಖಗಳ ಮೇಲಿತ್ತು. ಈಗ ಹುಬ್ಬು ಗಂಟಾಗುತ್ತದೆ, ಈಗ ಯಾರಾದರೂ ಕಿವಿಗೆ ಕೈ ಒಯ್ಯುತ್ತಾರೆ ಎಂದು ಕಾದಳು. ಯಾರ ಮುಖದ ಗೆರೆಯೂ ಅಲುಗಲಿಲ್ಲ. ಮೊದಲನೆಯದು, ಎರಡನೆಯದು, ಮತ್ತೆ ಮೊದಲನೆಯದು. ಶಿಷ್ಯೆಯರು ಒಬ್ಬರನ್ನೊಬ್ಬರು ನೋಡಿ ತಲೆಯಾಡಿಸಿ ಸೋಲೊಪ್ಪಿಕೊಂಡರು.

ಮೇಷ್ಟ್ರು ಕಣ್ಣು ತೆರೆದರು. "ನನ್ನ ಯಂತ್ರ ಯಾವುದು ಅಂತ ನನಗೇ ಗೊತ್ತಾಗ್ತಿಲ್ಲವಲ್ಲೇ! ಆ ಬೂದು ನಾಬು ದನಿಯನ್ನ ಹೇಗೆ ಕೈಹಿಡಿದು ಮುಂದೆ ತರುತ್ತೆ, ಅದನ್ನ ಯಾವ ಅಳತೆಯಲ್ಲೂ ಹಿಡಿಯೋಕಾಗಲ್ಲ. ಏನು ಕಿವಿಯಮ್ಮ ನಿಂದು!"

ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕ ಬದುಕಿದೆ ಎಂದುಕೊಳ್ಳಬೇಕಿತ್ತು. ಆದರೆ ಆಗಲೇ ಅವಳಿಗೆ ನಿಜವಾಗಿ ಜೀವ ಬಾಯಿಗೆ ಬಂದದ್ದು. ಅವಳು ಹೇಳಿ ಏರಿಸಿದ್ದ ನೀಲಿ ಎಷ್ಟು ವಿಪರೀತವಾಗಿತ್ತೆಂದರೆ, ಅದರ ಅಂಚು ಅವಳಿಗೆ ಕೇಳುವ ಭಾಗದಲ್ಲೂ ಒಂದಿಷ್ಟು ಚೆಲ್ಲುತ್ತಿತ್ತು. ಈಗ ಕೇಳಿಸಿದ ಎರಡರಲ್ಲೂ ಆ ಅಂಚು ಇರಲಿಲ್ಲ. ಇದು ಅವಳ ಪ್ಲಗಿನ್ ಅಲ್ಲವೇ ಅಲ್ಲ.

ಅತಿಥಿಗಳು ಇಳಿದುಹೋದರು. ತಮ್ಮ ತಂತಿ ಸುತ್ತುತ್ತ ನಿಂತ.

"ಇವತ್ತು ಕೇಳಿಸಿದ್ದು ನನ್ನದಲ್ಲ ಕಣೋ" ಎಂದಳು ಅಕ್ಕ.

"ಏನು ನಿಂದಲ್ಲ?"

"ನೀಲಿ."

ತಮ್ಮ ತಂತಿ ಸುತ್ತುವುದನ್ನು ನಿಲ್ಲಿಸಲಿಲ್ಲ. ಸುತ್ತಿ ಮುಗಿದದ್ದನ್ನು ಬಿಚ್ಚಿ ಮತ್ತೆ ಸುತ್ತಿದ.

"ಯಾವಾಗಿಂದ ಗೊತ್ತು ನಿನಗೆ?"

"ಹೋದ ಸಲದ ಪ್ಲಗಿನ್ ಮಾಡುವಾಗಿಂದ." ಅವನು ನೆಲ ನೋಡುತ್ತ ಹೇಳಿದ. "ನೀನು ಹೇಳಿದ್ದನ್ನೆಲ್ಲ ನಿನ್ನ ಕಂಪ್ಯೂಟರಿಗೆ ಹಾಕ್ತಾ ಇದ್ದೆ. ಹೊರಗೆ ಕಳಿಸೋದನ್ನ ಬೇರೆ ಇಟ್ಕೊಂಡಿದ್ದೆ."

ಎರಡು ಪ್ಲಗಿನ್. ಅಷ್ಟು ಕಾಲ ಅವಳು ತಿರುಗಿಸಿದ ನೀಲಿ ನಾಬ್ ಈ ಕೋಣೆಯ ಬಾಗಿಲು ದಾಟಿರಲಿಲ್ಲ. ಯಾರಿಗೂ ಗೊತ್ತಾಗಬಾರದೆಂದು ಅವಳು ಹೆದರಿ ಸಾಯುತ್ತಿದ್ದದ್ದು, ಅವಳಿಗಿಂತ ಎಷ್ಟೋ ಮೊದಲೇ ಗೊತ್ತಾಗಿ ಎದುರಿಗೇ ಕೂತಿತ್ತು.

"ಹೇಳೋದಕ್ಕೇನಾಗಿತ್ತು ನಿನಗೆ?"

"ಹೆದರಿಕೆ ಆಯ್ತು ಅಕ್ಕ. ಹೇಳಿದ್ರೆ ಕೆಂಪು, ಬೂದಿಗೂ ಕಿವಿ ಕೊಡದೆ ಎದ್ದು ಹೋಗಿಬಿಡ್ತೀಯ ಅಂತ. ಅವೆರಡೂ ನಿಂದೇ, ಒಂದು ಚೂರೂ ಮುಟ್ಟಿಲ್ಲ. ನನ್ನಾಣೆ."

ಅಕ್ಕ ತನ್ನ ಕಂಪ್ಯೂಟರಿನ ತಂತಿಯನ್ನು ದೊಡ್ಡ ಸ್ಪೀಕರುಗಳಿಗೆ ಸಿಕ್ಕಿಸಿ, ತಾನು ಹದ ಮಾಡಿಸಿದ್ದ ಪ್ಲಗಿನ್ನಿನಲ್ಲಿ ಅದೇ ಹಾಡು ಹಚ್ಚಿದಳು.

"ಬೇಡ ಅಕ್ಕ" ಎಂದ ತಮ್ಮ.

ಹಾಡು ಶುರುವಾಯಿತು. ಅವಳಿಗೆ ಕೇಳಿಸಿದ್ದು ಸೌಮ್ಯವಾದ, ತುಸು ಮಂಕಾದ ಹಾಡು. ತಮ್ಮನ ಬಲಗೈ ತಟ್ಟನೆ ಕಿವಿಯ ಕಡೆಗೆ ಎದ್ದಿತು. ಅರ್ಧದಾರಿಯಲ್ಲಿ ಅವನಿಗೆ ಎಚ್ಚರವಾಗಿ, ಕೈ ತಲೆಗೆ ಹೋಗಿ ಸುಮ್ಮನೆ ಕೂದಲು ಕೆರೆಯಿತು. ಕಣ್ಣು ಕಿರಿದಾಗಿತ್ತು, ದವಡೆ ಬಿಗಿದಿತ್ತು.

"ಹೇಗಿದೆ?"

"ಚೆನ್ನಾಗಿದೆ ಅಕ್ಕ" ಎಂದ. ಕಣ್ಣಲ್ಲಿ ನೀರು ತುಂಬಿತ್ತು. ನೋವಿಗೋ ಏನಕ್ಕೋ ಅವನಿಗೇ ಗೊತ್ತಿರಲಿಕ್ಕಿಲ್ಲ.

ತನಗೆ ಕೇಳದ ಸದ್ದನ್ನು ಅಕ್ಕ ಮೊದಲ ಸಲ ಕಂಡದ್ದು ಆಗ, ಆ ಮುಖದಲ್ಲಿ. ಇಷ್ಟು ಜೋರಾಗಿತ್ತೇ? ಇಷ್ಟನ್ನೆಲ್ಲ ತಾನು ಕಳೆದುಕೊಂಡಿದ್ದೇನೆಯೇ? ಅವಳಿಗೆ ಅಳು ಒತ್ತರಿಸಿ ಬಂತು, ಎದ್ದು ಹೋಗಿಬಿಡೋಣ ಎಂದೂ ಅನ್ನಿಸಿತು. ಹೋಗಲಿಲ್ಲ. ಪರದೆಯ ಮೇಲಿನ ನೀಲಿ ನಾಬನ್ನು ಹಿಡಿದು, ತಮ್ಮನ ಮುಖದಿಂದ ಕಣ್ಣು ಕೀಳದೆ, ಇಳಿಸುತ್ತ ಬಂದಳು. ಮೊದಲು ಅವನ ಕಣ್ಣು ಅಗಲವಾಯಿತು. ಆಮೇಲೆ ಹಣೆಯ ಗಂಟು ಬಿಚ್ಚಿತು. ಆಮೇಲೆ ದವಡೆ ಸಡಿಲವಾಯಿತು.

"ಇಷ್ಟು ಸಾಕಾ?"

"ಇನ್ನೊಂಚೂರು."

ಇನ್ನೊಂಚೂರು ಇಳಿಸಿದಳು. ಅವನ ಹೆಗಲು ಕೆಳಗಿಳಿಯಿತು, ಉಸಿರು ಹೊರಗೆ ಬಂತು. ಅಲ್ಲಿಗೆ ನಿಲ್ಲಿಸಿದಳು. ಅವಳ ಪಾಲಿಗೆ ಹಾಡು ಶುರುವಿನಿಂದ ಇಲ್ಲಿಯವರೆಗೆ ಹೆಚ್ಚುಕಡಿಮೆ ಒಂದೇ ತೆರನಾಗಿತ್ತು. ಭಯ ಹೋಗಿರಲಿಲ್ಲ.

"ಇನ್ನೊಂದು ಹಾಡು ಹಾಕು" ಎಂದಳು. "ಮುಖ ಮಾತ್ರ ಈ ಕಡೆಗೇ ಇರಲಿ."