ಕೈಗವಸು ಹಾಕಿಕೊಂಡು ಕೊಡುವ ಔಷಧಿ

ಮತ್ತೆ ಕೈಗವಸು, ನೋಡು, ಅದೂ ಒಂದರ ಮೇಲೊಂದು, ಆ ಹಳದಿ ಔಷಧಿಯ ಚೀಲವನ್ನು ಕಂಬಕ್ಕೆ ನೇತುಹಾಕುವಾಗ ನರ್ಸಿನ ಬೆರಳಿಗೆ ಒಂದು ಹನಿಯೂ ತಾಗಬಾರದು, ಅದೇ ಹನಿ ಮಗಳ ನರದೊಳಕ್ಕೆ ಮಾತ್ರ ಹೋಗಬಹುದು, ಇದ್ಯಾವ ನ್ಯಾಯ — ಕೇಳಿದ್ದಕ್ಕೆ ನರ್ಸ್ ನಕ್ಕಿದ್ದಳು, ಅದು ನಮ್ಮ ರೂಲ್ಸು ಅಮ್ಮಾ, ನೀವು ತಲೆ ಕೆಡಿಸ್ಕೋಬೇಡಿ, ಅಂದರೆ ಏನೋ ಇದೆ, ಸುಮ್ಮಸುಮ್ಮನೆ ಯಾರೂ ಹಾಗೆ ಹೇಳುವುದಿಲ್ಲ ಎಂದು ತಾಯಿಗೆ ಗೊತ್ತು. ಎದುರು ಗೋಡೆಯಲ್ಲಿ ಎಂದೋ ತೀರಿಕೊಂಡ ವಿದೇಶದ ದೊಡ್ಡ ಡಾಕ್ಟರ ಫೋಟೊ, ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಈ ಔಷಧಿಯನ್ನು ಮೊಟ್ಟಮೊದಲು ಕೊಟ್ಟವರಂತೆ, ಅಲ್ಲಿಯವರೆಗೆ ಇಂಥ ವಾರ್ಡಿಗೆ ಬಂದ ಮಕ್ಕಳು ಮನೆಗೆ ಮರಳಿದ್ದೇ ಇಲ್ಲವಂತೆ, ಎಲ್ಲ ಅಂತೆಕಂತೆ, ಮೊಟ್ಟಮೊದಲು ಎಂದರೆ ಯಾರ ಮಗುವಿಗೆ, ಆ ಮಗುವಿನ ಫೋಟೊ ಯಾಕೆ ಹಾಕಿಲ್ಲ? ಮಗಳ ದಿಂಬಿನ ತುಂಬ ಕೂದಲು, ಬಾಯಲ್ಲೆಲ್ಲ ಹುಣ್ಣು, ಕುಣಿಯುತ್ತ ಬಂದವಳು ಈಗ ಲೋಟ ಎತ್ತಲಾರಳು, ರೋಗ ಮಾಡಿದ್ದೆಷ್ಟು, ಔಷಧಿ ಮಾಡಿದ್ದೆಷ್ಟು, ಅದಕ್ಕೇ ಅಕ್ಕ ತಂದುಕೊಟ್ಟ ಟಾನಿಕ್, ರಕ್ತ ಹೆಚ್ಚಾಗುತ್ತೆ ಕಣೇ, ನಾನು ಬಸುರಿ ಆಗಿದ್ದಾಗ ಕೊಟ್ಟಿದ್ದು ಇದೇ, ಕೂಸಿಗೆ ಒಂದಿಷ್ಟು ಶಕ್ತಿ ಬರ್ಲಿ, ಡಾಕ್ಟರ ಹತ್ರ ಬಾಯಿ ಬಿಡ್ಬೇಡ — ನರ್ಸ್ ಬೆನ್ನು ತಿರುಗಿಸಿದರೆ ಸಾಕು, ಒಂದು ಚಮಚ, ಗಂಜಿಗೂ ಮುಖ ತಿರುಗಿಸುವ ಮಗಳು ಈ ಸಿಹಿಗೆ ಮಾತ್ರ ಮರಿಹಕ್ಕಿಯಂತೆ ಬಾಯಿ ತೆರೆಯುತ್ತಾಳೆ, ಅಮ್ಮ ಕೊಡುವುದರ ಮೇಲೆ ಅವಳಿಗೆ ಅನುಮಾನವೇ ಇಲ್ಲ.

ಕಿರಿಯ ಡಾಕ್ಟರ್ ಬಂದು ರಿಪೋರ್ಟ್ ನೋಡಿ ಹುಬ್ಬು ಗಂಟಿಕ್ಕಿದಳು, ಯಾಕೋ ರೋಗ ಇಳೀಬೇಕಾದಷ್ಟು ಇಳೀತಿಲ್ಲ, ಮನೆಯಿಂದ ಏನಾದ್ರೂ ತಂದು ಕೊಡ್ತಿದೀರಾ ಅಮ್ಮಾ, ಛೇ, ಏನೂ ಇಲ್ಲ ಎಂದಳು ತಾಯಿ, ನೋಡು, ತಮ್ಮ ಔಷಧಿ ಸೋತರೆ ನಮ್ಮ ತಲೆಗೆ ಕಟ್ಟುತ್ತಾರೆ, ಆದರೆ ಡಾಕ್ಟರ್ ಬೈಯಲಿಲ್ಲ, ಫೋಟೊ ಕಡೆ ತಿರುಗಿದಳು, ಇವ್ರೂ ಮೊದಲು ಎಡವಿದ್ರು ಗೊತ್ತಾ, ಮಕ್ಕಳು ಬಿಳಿಚಿಕೊಂಡಿದಾರೆ ಅಂತ ರಕ್ತ ಹೆಚ್ಚಿಸೋ ವಿಟಮಿನ್ ಕೊಟ್ರು, ಬಸುರಿಯರಿಗೆ ಕೊಡ್ತೀವಲ್ಲ, ಅದೇ, ಅದು ಮಕ್ಕಳಿಗಿಂತ ಮೊದಲು ಕ್ಯಾನ್ಸರಿಗೆ ಊಟ ಆಯ್ತು, ರೋಗ ಭಗ್ ಅಂತ ಹತ್ಕೊಳ್ತು, ಅವ್ರು ಅದನ್ನ ಮುಚ್ಚಿಡಲಿಲ್ಲ, ಎಲ್ಲರ ಮುಂದೆ ಒಪ್ಕೊಂಡ್ರು, ಹಾಗಾದ್ರೆ ಆ ವಿಟಮಿನ್ನಿಗೇ ಅಡ್ಡ ನಿಲ್ಲೋ ಔಷಧಿ ಕೊಟ್ರೆ ಹೇಗೆ ಅಂತ ಹೊರಟ್ರು, ಅದೇ ಈ ಹಳದಿ ಔಷಧಿ — ಬಸುರಿಯರಿಗೆ ಕೊಡುವುದು, ಅಕ್ಕನೂ ಅದೇ ಮಾತು ಹೇಳಿದಳಲ್ಲ, ಇಲ್ಲ, ಎಲ್ಲ ಟಾನಿಕ್ಕೂ ಒಂದೇ ಆಗಿರುತ್ತದೆಯೇ, ಈ ಡಾಕ್ಟರ್ ಬೇಕೆಂದೇ ಕೆಣಕುತ್ತಿದ್ದಾಳೆ, ಇವಳಿಗೆ ಗೊತ್ತಾಗಿದೆ, ಹೇಳಿದರೆ ವಾರ್ಡಿನಿಂದ ಹೊರಗೆ ಹಾಕುತ್ತಾರೆ, ಹೇಳದಿದ್ದರೆ — ಇಷ್ಟು ದಿನ ನರ್ಸನ್ನು ಅನುಮಾನಿಸಿದ್ದಾಯಿತು, ಸತ್ತವರ ಫೋಟೊವನ್ನೂ ಬಿಡಲಿಲ್ಲ, ಈ ಕೋಣೆಯಲ್ಲಿ ತಾನು ಅನುಮಾನಿಸದ ಕೈ ತನ್ನದೊಂದೇ. ಡಾಕ್ಟರ್ ಮುಂದಿನ ಹಾಸಿಗೆಗೆ ಹೊರಟಳು, ಹೋಗಲಿ, ಇವತ್ತಿನಿಂದ ನಿಲ್ಲಿಸಿದರಾಯಿತು, ಯಾರಿಗೆ ಗೊತ್ತಾಗುತ್ತದೆ, ಆದರೆ ಒಳಗೆ ಹೋದದ್ದು ಹೋಗಿದೆಯಲ್ಲ, ಅದಕ್ಕೇನು ಮಾಡಬೇಕೆಂದು ಆ ಡಾಕ್ಟರಿಗಲ್ಲದೆ ಇನ್ಯಾರಿಗೆ ಗೊತ್ತು — ಮಗಳು ಕಣ್ಣು ಬಿಟ್ಟಳು, ಅಮ್ಮಾ, ನರ್ಸ್ ಹೋದ್ರಾ, ಎಂದು ಪಿಸುಗುಟ್ಟಿ ಉತ್ತರಕ್ಕೂ ಕಾಯದೆ ಬಾಯಿ ತೆರೆದಳು, ಡಾಕ್ಟ್ರೇ, ಹೋಗ್ಬೇಡಿ, ಎಂದು ಕೂಗಿದ್ದು ತನ್ನದೇ ದನಿಯಿರಬೇಕು, ಡಾಕ್ಟರ್ ತಿರುಗಿದಳು, ಏನಮ್ಮಾ, ಏನಾಯ್ತು, ತಾಯಿ ಮಗಳ ಕಡೆ ಕೈ ತೋರಿದಳು, ಆ ಬಾಯಿ, ಹುಣ್ಣುಗಳ ನಡುವೆ ಕೆಂಪು ನಾಲಿಗೆ ಚಾಚಿ ಚಮಚಕ್ಕೆ ಕಾಯುತ್ತಿರುವ ಬಾಯಿ, ಇನ್ನೂ ತೆರೆದೇ ಇದೆ, ತೆರೆದೇ —